ಅಡಿಕೆ ಅಂಗಡಿಯ ತಕ್ಕಡಿಗೆ ಕಂಪ್ಯೂಟರ್ ಜೋಡಿಸಿದ ಕಥೆ

ಕಾಸರಗೋಡಿನ ಬದಿಯಡ್ಕದ ಕಡೆಯ ಒಂದು ಅಡಿಕೆ ಅಂಗಡಿಗೆ ಈ ಸೀಸನ್ನಿನಲ್ಲಿ ಮಾಡಿಕೊಟ್ಟ ಕೆಲಸದ ವಿವರ ಇದು. ಒಂದು ಭಾಗ ಇನ್ನೂ ಬಾಕಿ ಇದೆ. ಇಂಥದ್ದೇ ಕೆಲಸಕ್ಕೆ ಕೈ ಹಾಕುವವರಿಗೆ ತಂತಿ, ಪಿನ್ನು, ಪ್ರಿಂಟರಿನ ವಿಷಯವಾದರೂ ಉಪಯೋಗಕ್ಕೆ ಬರಬಹುದು ಅಂತ ಬರೆದಿಡುತ್ತಿದ್ದೇನೆ.

ಅಂಗಡಿ ದೊಡ್ಡದಲ್ಲ. ಎದುರಿಗೆ ಕೌಂಟರ್, ಹಿಂದೆ ಗೋಡೌನ್, ನಡುವೆ ಮುರಕಲ್ಲಿನ ದಪ್ಪ ಗೋಡೆ. ಅಡಿಕೆಯೇ ಜಾಸ್ತಿ, ಜೊತೆಗೆ ಕಾಳುಮೆಣಸು, ಕೊಬ್ಬರಿ. 300 ಕಿಲೋದ ಎಲೆಕ್ಟ್ರಾನಿಕ್ ತಕ್ಕಡಿ ಗೋಡೌನಿನಲ್ಲಿದೆ. ಹುಡುಗ ತೂಕ ಕೂಗುತ್ತಾನೆ, ರೈಟರ್ ಚೀಟಿಯಲ್ಲಿ ಬರೆಯುತ್ತಾರೆ. ಚೀಟಿ ಕೌಂಟರಿಗೆ ಹೋಗಿ ಲೆಡ್ಜರಿಗೆ ಏರುತ್ತದೆ. ರಾತ್ರಿ ಸಾಹುಕಾರ್ರ ಮಗಳು ಕೂತು ಅದನ್ನೇ ಕಂಪ್ಯೂಟರಿಗೆ ಹಾಕುತ್ತಾಳೆ. ಒಂದೇ ಅಂಕಿಯನ್ನು ಮೂರು ಕಡೆ ಮೂರು ಕೈ ಬರೆಯುವುದು. 64 ಹೋಗಿ 46 ಆಗಲಿಕ್ಕೆ ಅಷ್ಟು ಸಾಕಲ್ವಾ?

ನಾನು ಹೋಗುವಾಗ ಸಾಹುಕಾರ್ರ ಕೈಯಲ್ಲಿ ಆಗಲೇ ಒಂದು ಕೊಟೇಶನ್ ಇತ್ತು. ಎಂಟು ಕ್ಯಾಮೆರಾ, ಕ್ಲೌಡ್ ಬಿಲ್ಲಿಂಗ್, ಗ್ರಾಹಕರಿಗೆ ಆ್ಯಪ್, ಅದಕ್ಕೆ ವರ್ಷ ವರ್ಷ ಚಂದಾ. ಒಟ್ಟು 1,10,000 ರೂಪಾಯಿ. ಅಷ್ಟು ಪುಟದಲ್ಲಿ ತಕ್ಕಡಿಯ ಹೆಸರೇ ಇರಲಿಲ್ಲ! ತೂಕ ಬಾಯಿಂದ ಬಾಯಿಗೆ ಹೋಗುವವರೆಗೆ ಮೇಲೆ ಎಂಥ ಆ್ಯಪ್ ಕೂರಿಸಿದರೂ ತಪ್ಪು ಅಂಕಿ ಚೆಂದ ಕಾಣುತ್ತದೆ, ಅಷ್ಟೆ. ಮೊದಲು ತಕ್ಕಡಿ, ಆಮೇಲೆ ಚೀಟಿ, ಆಮೇಲೆ ಲೆಕ್ಕ, ಕೊನೆಗೆ ಕ್ಯಾಮೆರಾ ಅಂದೆ. "ಹಾಗೇ ಮಾಡಿ ನೋಡುವ" ಅಂದರು.

1. ತಕ್ಕಡಿಯಿಂದ ಅಂಕಿ ತೆಗೆಯುವುದು

ತಕ್ಕಡಿಯ ಡಿಸ್‌ಪ್ಲೇ ಪೆಟ್ಟಿಗೆಯ ಹಿಂದೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇತ್ತು, ಅಂದರೆ ತೂಕದ ಅಂಕಿಯನ್ನು ತಂತಿಯಲ್ಲಿ ಹೊರಗೆ ಕಳಿಸುವ ಕಿಂಡಿ. ಇದು ಅದೃಷ್ಟ. ಪೋರ್ಟ್ ಇಲ್ಲದಿದ್ದರೆ ಪೆಟ್ಟಿಗೆ ಬಿಚ್ಚಿ ಒಳಗಿಂದ ತಂತಿ ಎಳೆಯುವ ಯೋಚನೆ ಬರುತ್ತದೆ. ದಯವಿಟ್ಟು ಬೇಡ. ಅದರ ಮೇಲೆ ಲೀಗಲ್ ಮೆಟ್ರಾಲಜಿ, ಅಂದರೆ ತೂಕ-ಅಳತೆ ಇಲಾಖೆಯ ಸೀಲ್ ಇರುತ್ತದೆ, ವರ್ಷಕ್ಕೊಮ್ಮೆ ಮುದ್ರೆ ಆಗುತ್ತದೆ. ಸೀಲ್ ಮುರಿದ ತಕ್ಕಡಿಯಲ್ಲಿ ಒಂದು ಕಿಲೋ ತೂಗಿದರೂ ಕೇಸು.

ಮ್ಯಾನುಯಲ್ ಎಲ್ಲಿ ಹೋಗಿದೆಯೋ ಯಾರಿಗೂ ಗೊತ್ತಿಲ್ಲ. ಮಲ್ಟಿಮೀಟರ್ ಹಿಡಿದೆ. ಕಪ್ಪು ಪ್ರೋಬ್ 5ನೇ ಪಿನ್ನಿಗೆ, ಅಂದರೆ ಗ್ರೌಂಡಿಗೆ. ಕೆಂಪು ಪ್ರೋಬಿನಿಂದ 2 ಮತ್ತು 3 ಮುಟ್ಟಿ ನೋಡುವುದು. ಯಾವ ಪಿನ್ನಿನಲ್ಲಿ ಮೈನಸ್ 5ರಿಂದ ಮೈನಸ್ 12 ವೋಲ್ಟಿನ ನಡುವೆ ತೋರಿಸುತ್ತದೋ ಅದೇ ಕಳಿಸುವ ಪಿನ್. ನಮ್ಮದರಲ್ಲಿ 3ರಲ್ಲಿ ಮೈನಸ್ 8ರ ಹತ್ತಿರ ಬಂತು. ಇನ್ನೊಂದು ಎಚ್ಚರಿಕೆ: ಆಟಿಕೆ ಸರ್ಕಿಟ್‌ಗಳಿಗೆ ಮಾರುವ 5 ವೋಲ್ಟಿನ ಯುಎಸ್‌ಬಿ ಮಾಡ್ಯೂಲ್ ಇದಕ್ಕೆ ಆಗುವುದಿಲ್ಲ. ಆರ್‌ಎಸ್-232 (ಈ ಪೋರ್ಟಿನ ಮಾನದಂಡದ ಹೆಸರು) ಅಂತ ಬರೆದಿರುವ ಕೇಬಲ್ಲೇ ಬೇಕು.

ಕೌಂಟರಿನಲ್ಲಿದ್ದ ಹಳೆಯ ಕಂಪ್ಯೂಟರಿಗೇ ನೇರ ತಂತಿ ಎಳೆಯುವುದು ಮೊದಲ ಯೋಜನೆ. ಗೋಡೆ ಸುತ್ತಿ 22 ಮೀಟರ್ ಆಯಿತು. ಲ್ಯಾನ್ ವೈರಿನ ಮೂರು ಎಳೆ ಬಳಸಿದೆ. ಬೆಳಿಗ್ಗೆ ಚೆನ್ನಾಗಿತ್ತು. ಪಕ್ಕದಲ್ಲಿ ಅಡಿಕೆ ಸುಲಿಯುವ ಯಂತ್ರದ ಮೋಟಾರ್ ಶುರುವಾದ ಕೂಡಲೇ ಅಂಕಿಗಳ ನಡುವೆ ಕಸ ಬರತೊಡಗಿತು. ಆರ್‌ಎಸ್-232ಕ್ಕೆ 15 ಮೀಟರ್ ದಾಟಿದರೆ ಭರವಸೆ ಇಲ್ಲ. ಅಂಕಿ ಕಳಿಸುವ ವೇಗವನ್ನು ಸೆಕೆಂಡಿಗೆ 9600 ಬಿಟ್ಟಿನಿಂದ 2400ಕ್ಕೆ ಇಳಿಸಿದೆ. ಕಸ ಕಡಿಮೆಯಾಯಿತು, ನಿಲ್ಲಲಿಲ್ಲ. ಕಡಿಮೆ ಕಸ ಅಂದರೆ ಇನ್ನೂ ಅಪಾಯ. ಪೂರ್ತಿ ಹಾಳಾದ ಅಂಕಿ ಕಣ್ಣಿಗೆ ಬೀಳುತ್ತದೆ, ಒಂದೇ ಅಂಕೆ ಬದಲಾದದ್ದು ಬೀಳುವುದಿಲ್ಲ. ಆ ತಂತಿ ಕಿತ್ತು ಹಾಕಿದೆ.

ಎರಡನೇ ಯೋಜನೆ: ತಕ್ಕಡಿಯ ಪಕ್ಕದಲ್ಲೇ ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿ. ಕೇಬಲ್ ಮೂರು ಮೀಟರ್. ಕೌಂಟರಿಗೆ ವೈಫೈ ಸಾಕು ಅಂದುಕೊಂಡಿದ್ದೆ, ಮುರಕಲ್ಲಿನ ಗೋಡೆ ಬಿಡಲಿಲ್ಲ. ಲ್ಯಾನ್ ಕೇಬಲ್ ಎಳೆಯಬಹುದಿತ್ತು. ಆದರೆ ಏಪ್ರಿಲ್-ಮೇ ತಿಂಗಳ ಸಿಡಿಲು ನಮ್ಮ ಊರಿನವರಿಗೆ ಹೇಳಿ ತಿಳಿಸಬೇಕಾಗಿಲ್ಲ. ತಾಮ್ರದ ತಂತಿ ಉದ್ದ ಆದಷ್ಟೂ ಎರಡೂ ತುದಿಯ ಯಂತ್ರ ಒಟ್ಟಿಗೆ ಸುಟ್ಟು ಹೋಗುತ್ತವೆ. ಹಾಗಾಗಿ ಲ್ಯಾನ್ ಸಿಗ್ನಲನ್ನು ಬೆಳಕಾಗಿ ಬದಲಿಸುವ ಎರಡು ಮೀಡಿಯಾ ಕನ್ವರ್ಟರ್, ನಡುವೆ 40 ಮೀಟರ್ ಫೈಬರ್. ಗಾಜಿನ ಎಳೆಯಲ್ಲಿ ಸಿಡಿಲು ಓಡುವುದಿಲ್ಲ. 2,600 ರೂಪಾಯಿ ಆಯಿತು. ಇಡೀ ಕೆಲಸದಲ್ಲಿ ಇದಕ್ಕಿಂತ ಒಳ್ಳೆ ಖರ್ಚು ಬೇರೆ ಇಲ್ಲ.

2. ತಿರುಗಿ ಬರುವ ತೂಕ

ಮಿನಿ ಪಿಸಿಗೆ ವಿಂಡೋಸಿನ ಬದಲು ಉಚಿತ ಲಿನಕ್ಸ್ ವ್ಯವಸ್ಥೆಯಾದ ಉಬುಂಟು 22.04 ಹಾಕಿದೆ. ಕೌಂಟರಿನ ಹಳೆಯ ಯಂತ್ರದಲ್ಲಿ ವಿಂಡೋಸ್ 10 ಇತ್ತು, ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಅದಕ್ಕೂ ಉಬುಂಟುವೇ. ಸಾಹುಕಾರ್ರಿಗೆ ಹೊಸದು ಯಾರಿಗೆ ಬರುತ್ತದೆ ಅಂತ ಚಿಂತೆ. ಮಗಳು ನಕ್ಕಳು. ಕೇರಳದ ಶಾಲೆಗಳಲ್ಲಿ ಸರ್ಕಾರದ ಶಿಕ್ಷಣ-ತಂತ್ರಜ್ಞಾನ ಸಂಸ್ಥೆ ಕೈಟ್ ಕೊಟ್ಟಿರುವ ಲ್ಯಾಪ್‌ಟಾಪುಗಳಲ್ಲಿ ಇರುವುದು ಇದೇ ಜಾತಿಯದ್ದು. ಕನ್ನಡ ಮೀಡಿಯಂನಲ್ಲಿ ಕಲಿತ ಅವಳಿಗೆ ವಿಂಡೋಸಿಗಿಂತ ಇದೇ ಸಲೀಸು.

180 ರೂಪಾಯಿಯ ಸಿಎಚ್340 ಚಿಪ್ಪಿನ ಯುಎಸ್‌ಬಿ-ಸೀರಿಯಲ್ ಕೇಬಲ್ ಚುಚ್ಚಿದರೆ ಪೋರ್ಟ್ ಒಂದು ಕ್ಷಣ ಕಾಣಿಸಿ ಮಾಯವಾಗುತ್ತಿತ್ತು. ಕೇಬಲ್ ಹಾಳು ಅಂತ ಬಿಸಾಡುವ ಮುಂಚೆ ಕಂಪ್ಯೂಟರಿನ ಲಾಗ್ (ನಡೆದದ್ದರ ದಾಖಲೆ) ನೋಡಿ. ಉಬುಂಟು 22.04ರಲ್ಲಿ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ ಇದೆ, ಅಂಧರು ಬಳಸುವ ಬ್ರೈಲ್ ಡಿಸ್‌ಪ್ಲೇಗೆ ಬೇಕಾದದ್ದು. ಈ ಚಿಪ್ಪನ್ನು ಬ್ರೈಲ್ ಯಂತ್ರ ಅಂತ ತಿಳಿದು ಅದು ಪೋರ್ಟನ್ನು ಕಿತ್ತುಕೊಳ್ಳುತ್ತದೆ. ಅದನ್ನು ತೆಗೆದ ಮೇಲೆ ಸರಿಯಾಯಿತು. ಯೂಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಲಿಕ್ಕೂ ಮರೆಯಬೇಡಿ, ಪೋರ್ಟ್ ಬಳಸುವ ಅನುಮತಿ ಸಿಗುವುದು ಅದರಿಂದ.

ಸರಿಯಾಯಿತು ಅಂದೆ, ಆದರೆ ಕರೆಂಟ್ ಹೋಗಿ ಬಂದಾಗ ಪೋರ್ಟಿನ ನಂಬರ್ 0 ಇದ್ದದ್ದು 1 ಆಗುತ್ತಿತ್ತು, ಪ್ರೋಗ್ರಾಂ ಹಳೆ ನಂಬರನ್ನೇ ಹುಡುಕುತ್ತಾ ಕೂತಿರುತ್ತಿತ್ತು. ಅಗ್ಗದ ಚಿಪ್ಪಿನಲ್ಲಿ ಪ್ರತ್ಯೇಕ ಸೀರಿಯಲ್ ನಂಬರ್ ಇಲ್ಲ, ಗುರುತು ಹಿಡಿಯುವುದು ಕಷ್ಟ. ಕೊನೆಗೆ 850 ಕೊಟ್ಟು ಎಫ್‌ಟಿಡಿಐ ಚಿಪ್ಪಿನ ಕೇಬಲ್ ತಂದೆ. ಅದರ ನಂಬರ್ ಹಿಡಿದು ಒಂದು ಯುಡೆವ್ ನಿಯಮ (ಚುಚ್ಚಿದ ಯಂತ್ರಕ್ಕೆ ಹೆಸರು ಕೊಡುವ ಉಬುಂಟುವಿನ ಸೌಲಭ್ಯ) ಬರೆದು "ತಕ್ಕಡಿ" ಅಂತ ಖಾಯಂ ಹೆಸರು ಕೊಟ್ಟೆ.

ಈಗ ಅಂಕಿ. ಡಿಸ್‌ಪ್ಲೇಯಲ್ಲಿ 64.25 ಇದೆ. ಪರದೆಯಲ್ಲಿ ಬಂದದ್ದು =52.4600. ತಕ್ಕಡಿಯೇ ಹಾಳೋ, 12 ಕಿಲೋ ಎಲ್ಲಿ ಹೋಯಿತು ಅಂತ ರೈಟರ್ ಗಾಬರಿ. ಗೋಣಿ ಇಳಿಸಿ ಬೇರೆ ಇಟ್ಟರೆ ಮತ್ತೊಂದು ಲೆಕ್ಕ. ಪಕ್ಕ ಪಕ್ಕ ಬರೆದು ನೋಡಿದಾಗ ಹೊಳೆಯಿತು: ಈ ಜಾತಿಯ ಡಿಸ್‌ಪ್ಲೇ ಅಂಕಿಗಳನ್ನು ಬಲದಿಂದ ಎಡಕ್ಕೆ ಕಳಿಸುತ್ತದೆ. 0064.25 ಅನ್ನು ಹಿಂದುಮುಂದು ಮಾಡಿದರೆ 52.4600. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಾಲಿನ ಕೆಲಸ. ಆದರೆ ಪರೀಕ್ಷೆಗೆ ಒಂದೇ ಅಂಕೆ ಮತ್ತೆ ಮತ್ತೆ ಬರುವ ತೂಕ ಇಡಬೇಡಿ, ಕಣ್ಣು ತಪ್ಪುತ್ತದೆ. ಎಲ್ಲ ಅಂಕೆಯೂ ಬೇರೆ ಬೇರೆ ಇರುವ ತೂಕವನ್ನೇ ಇಡಿ.

ತೂಕ ಯಾವಾಗ ಹಿಡಿಯಬೇಕು ಎನ್ನುವುದು ಬೇರೆ ತಲೆನೋವು. ಗೋಣಿ ಬಿದ್ದ ಕೂಡಲೇ ಅಂಕಿ ಕುಣಿಯುತ್ತದೆ. ಎರಡು ಸೆಕೆಂಡು ಒಂದೇ ಅಂಕಿ ನಿಂತರೆ ಮಾತ್ರ ತೆಗೆದುಕೋ ಅಂತ ಬರೆದೆ. ಹುಡುಗ ಗೋಣಿಗೆ ಮೊಣಕಾಲು ಒರಗಿಸಿ ನಿಂತರೂ ಅಂಕಿ ನಿಲ್ಲುತ್ತದಲ್ಲ! ಅದಕ್ಕೆ ತಕ್ಕಡಿಯ ಸುತ್ತ ನೆಲದಲ್ಲಿ ಹಳದಿ ಗೆರೆ ಎಳೆದೆವು. ಗೆರೆಯ ಹೊರಗೆ ನಿಂತ ಮೇಲೆ ಅವನೇ ಒಂದು ಬಟನ್ ಒತ್ತಬೇಕು. ಒಂದೇ ಗೋಣಿ ಎರಡು ಸಲ ಏರದ ಹಾಗೆ, ತಕ್ಕಡಿ ಸೊನ್ನೆಗೆ ಬಾರದೆ ಮುಂದಿನ ತೂಕ ಇಲ್ಲ ಅಂತ ನಿಯಮ. ಅದೂ ಕೈಕೊಟ್ಟಿತು. ತಟ್ಟೆಯ ಮೇಲೆ ಅಡಿಕೆ ಸಿಪ್ಪೆ, ಗೋಣಿಯ ನಾರು, ಎರಡು ಅಡಿಕೆ ಬಿದ್ದಿರುತ್ತವೆ, ಡಿಸ್‌ಪ್ಲೇ 0.05, 0.10 ತೋರಿಸುತ್ತದೆ. ಸೊನ್ನೆ ಬರುವುದೇ ಇಲ್ಲ, ಸಾಲು ನಿಂತಿತು. ಅರ್ಧ ಕಿಲೋಕ್ಕಿಂತ ಕೆಳಗೆ ಬಂದರೆ ಸೊನ್ನೆ ಅಂತ ತಿಳಿ ಎಂದು ಸಡಿಲಿಸಿದೆ. ಬೆಳಿಗ್ಗೆ ಮಾತ್ರ ತಟ್ಟೆ ಗುಡಿಸಿ ನಿಜವಾದ ಸೊನ್ನೆ ಮಾಡಿಯೇ ಶುರು.

3. ಚೀಟಿ

ಇದರಲ್ಲಿ ಹಣ ಹಾಳಾಯಿತು. 5,200 ರೂಪಾಯಿಯ 80 ಮಿಲಿಮೀಟರ್ ಥರ್ಮಲ್ ಪ್ರಿಂಟರ್ ತಂದೆ. ಅದಕ್ಕೆ ಕನ್ನಡ ಅಕ್ಷರ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಚಿತ್ರ ಮಾಡಿ ಕಳಿಸಬೇಕು, 576 ಚುಕ್ಕೆ ಅಗಲ. ಪೈಥಾನಿನ ಪಿಲ್ಲೋ ಎಂಬ ಚಿತ್ರದ ಲೈಬ್ರರಿಯಲ್ಲಿ ಚಿತ್ರ ಮಾಡಿದೆ. ಬದಿಯಡ್ಕದ "ಡ್ಕ" ಒಡೆದು ಡಕಾರದ ತಲೆಯಲ್ಲಿ ಕೊಕ್ಕೆ, ಪಕ್ಕದಲ್ಲಿ ಒಂಟಿ ಕ. ಎಣ್ಮಕಜೆ, ಕುಂಬ್ಡಾಜೆ ಎಲ್ಲದರದ್ದೂ ಅದೇ ಅವಸ್ಥೆ. ನಮ್ಮ ಊರಿನ ಹೆಸರುಗಳಲ್ಲಿ ಒತ್ತಕ್ಷರ ಇಲ್ಲದ್ದು ಎಷ್ಟಿದೆ ಹೇಳಿ? ರಾಕ್ಮ್ ಎಂಬ ಲೈಬ್ರರಿ ಇಲ್ಲದಿದ್ದರೆ ಪಿಲ್ಲೋಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಅದನ್ನು ಹಾಕಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟ ಮೇಲೆ ಚೀಟಿ ಚೆಂದ ಬಂತು.

ಚೆಂದ ಬಂದದ್ದು ಉಳಿಯಲಿಲ್ಲ. ಕೆಲವು ವಾರ ಕಳೆದು ಒಬ್ಬರು ಅಜ್ಜ ಹಳೇ ಬಾಕಿ ಕೇಳಲು ಬಂದರು. ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನಿಂದ ಚೀಟಿ ಎಳೆದರು. ಬಿಳಿ ಹಾಳೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅಂಗಡಿಯ ಹೆಸರು ಮಾತ್ರ ಮಸುಕಾಗಿ ಕಾಣುತ್ತದೆ, ತೂಕ ಇಲ್ಲ. "ಎಂತ ಮಾರಾಯ್ರೆ ಇದು, ನೀವು ಬರೆಯುವಾಗ ಇಂಕಿರಲಿಲ್ವಾ?" ಅಂದರು. ಥರ್ಮಲ್ ಕಾಗದಕ್ಕೆ ಬಿಸಿಲು, ಬಿಸಿ ಆಗುವುದಿಲ್ಲ. ಪ್ಲಾಸ್ಟಿಕ್ ಕವರ್ ಅಂತೂ ವಿಷ. ಪಿವಿಸಿಯನ್ನು ಮೆತ್ತಗೆ ಮಾಡಲು ಸೇರಿಸುವ ರಾಸಾಯನಿಕವೇ ಅಕ್ಷರ ಅಳಿಸುತ್ತದೆ. ನಮ್ಮ ಕೃಷಿಕರು ಚೀಟಿ ಇಡುವುದೇ ಅಲ್ಲಿ. ತಿಂಗಳುಗಟ್ಟಲೆ ಬಾಕಿ ನಿಲ್ಲುವ ವ್ಯಾಪಾರಕ್ಕೆ ಹೋಟೆಲ್ ಬಿಲ್ಲಿನ ಕಾಗದ ಆಗುವುದಿಲ್ಲ.

ಲೇಸರ್ ಪ್ರಿಂಟರ್ ಬಗ್ಗೆ ಯೋಚಿಸಿದೆ. ಅಕ್ಷರ ಅಳಿಯದು. ಆದರೆ ಅದರ ಹೀಟರ್ ಎಳೆಯುವ ಕರೆಂಟಿಗೆ 600 ವಿಎ ಯುಪಿಎಸ್ ನಿಲ್ಲುವುದಿಲ್ಲ. ಕರೆಂಟ್ ಹೋದರೆ ಚೀಟಿ ಇಲ್ಲ ಅಂದರೆ ಮಳೆಗಾಲದಲ್ಲಿ ಅಂಗಡಿ ಮುಚ್ಚಬೇಕು. ಇಂಕ್‌ಜೆಟ್ ಒದ್ದೆ ಕೈಗೆ ಹರಡುತ್ತದೆ. ಉಳಿದದ್ದು ಪಿನ್ನುಗಳು ರಿಬ್ಬನ್ನಿಗೆ ಕುಟ್ಟಿ ಅಕ್ಷರ ಮೂಡಿಸುವ ಹಳೇ ಡಾಟ್ ಮ್ಯಾಟ್ರಿಕ್ಸ್. ಮೊದಲು 9 ಪಿನ್ನಿನದ್ದನ್ನು ಒಬ್ಬರ ಹತ್ತಿರ ಎರವಲು ತಂದು ನೋಡಿದೆ. ಒತ್ತಕ್ಷರ ಎಲ್ಲ ಕಪ್ಪು ಮುದ್ದೆ. 24 ಪಿನ್ನಿನದ್ದು ಸೆಕೆಂಡ್‌ಹ್ಯಾಂಡ್ 8,000ಕ್ಕೆ ಸಿಕ್ಕಿತು. ಇಂಚಿಗೆ 180 ಚುಕ್ಕೆಯಲ್ಲಿ ಕನ್ನಡ ಓದಲು ಬರುತ್ತದೆ, ಕಾರ್ಬನ್ ಕಾಪಿಯೂ ಸಿಗುತ್ತದೆ. ಕಿರ್ರ್ ಅಂತ ಗಲಾಟೆ ಮಾಡುತ್ತದೆ, ನಿಧಾನ. ರೈಟರಿಗೆ ಮಾತ್ರ ಬಹಳ ಇಷ್ಟ. ಪ್ರಿಂಟ್ ಆಗುತ್ತಿದೆ ಅಂತ ನೋಡದೆಯೂ ಗೊತ್ತಾಗುತ್ತದಂತೆ.

ಇನ್ನೊಂದು ಸಣ್ಣ ವಿಷಯ. ಕರೆಂಟ್ ಹೋಗಿ ಬಂದ ಒಂದು ಬೆಳಿಗ್ಗೆ ಚೀಟಿಗಳಲ್ಲಿ ಎಷ್ಟೋ ವರ್ಷ ಹಿಂದಿನ ತಾರೀಕು. ಮಿನಿ ಪಿಸಿಯ ಒಳಗಿನ ಸಿಆರ್2032 ಸೆಲ್ ಸತ್ತಿತ್ತು, ನೆಟ್ ಬರುವವರೆಗೆ ಗಡಿಯಾರ ಹಿಂದೆ. 40 ರೂಪಾಯಿಯ ಸೆಲ್. ಸೆಕೆಂಡ್‌ಹ್ಯಾಂಡ್ ಯಂತ್ರ ತಂದ ದಿನವೇ ಇದನ್ನು ಬದಲಿಸಿಬಿಡಿ.

4. ಗೋಣಿಯ ಜಗಳ

ಇದು ತಂತ್ರಜ್ಞಾನದ ಪಟ್ಟಿಯಲ್ಲಿ ಇರಲೇ ಇಲ್ಲ. ಚೀಟಿಯಲ್ಲಿ ಮೂರು ಕಾಲಂ ಹಾಕಿದ್ದೆ: ಒಟ್ಟು ತೂಕ, ಗೋಣಿ, ನಿವ್ವಳ. ಗೋಣಿಗೆ ಮೊದಲಿಂದಲೂ ಕಳೆಯುವುದು ಒಂದು ಕಿಲೋ. ಕೈಚೀಟಿಯಲ್ಲಿ ನಿವ್ವಳ ಮಾತ್ರ ಬರೆಯುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಪ್ರಿಂಟಿನಲ್ಲಿ "ಗೋಣಿ 1.00" ಅಂತ ಸಾಲು ಸಾಲಾಗಿ ಕಂಡದ್ದೇ ತಡ, ಒಬ್ಬರು ಖಾಲಿ ಗೋಣಿಯನ್ನೇ ತಕ್ಕಡಿಗೆ ಹಾಕಿಸಿದರು. 0.65 ತೋರಿಸಿತು.

ಸಾಹುಕಾರ್ರು ನನ್ನ ಕಡೆ ನೋಡಿದರು. ಕಾಲಂ ತೆಗೆದುಬಿಡು ಅಂತಾರೆ ಅಂದುಕೊಂಡೆ. ಹೇಳಲಿಲ್ಲ. ಎರಡು ದಿನ ಯೋಚಿಸಿ, ಒಣ ಗೋಣಿಗೆ 0.70, ಒದ್ದೆ ಗೋಣಿ ಇದ್ದರೆ ಖಾಲಿ ತೂಗಿ ಕಳೆಯುವುದು ಅಂತ ಗೋಡೆಗೆ ಬರೆಸಿದರು. ಗೋಣಿಗೆ 300 ಗ್ರಾಂ ಅವರಿಗೆ ನಷ್ಟ. ಆದರೆ ಆ ಬೋರ್ಡ್ ನೋಡಿ ಹೊಸಬರು ಬರುತ್ತಿದ್ದಾರೆ ಅಂತ ಅವರೇ ಹೇಳುತ್ತಾರೆ. ಗ್ರಾಹಕರಿಗಾಗಿ ಆ್ಯಪ್ ಮಾಡಿಸಿದ್ದರೆ ಇಷ್ಟು ಕೆಲಸ ಆಗುತ್ತಿತ್ತೋ ಇಲ್ಲವೋ, ನನಗಂತೂ ಅನುಮಾನ.

ದರದ ಕಡೆಗೆ ನಾನು ಕೈ ಹಾಕಲಿಲ್ಲ. ಹೊಸ ಅಡಿಕೆಯೋ ಡಬ್ಬಲ್ ಚೋಲೋ, ಪಟೋರ ಎಷ್ಟು, ಉಳ್ಳಿಗಡ್ಡೆ ಎಷ್ಟು (ಇವೆಲ್ಲ ಅಡಿಕೆಯ ದರ್ಜೆಗಳು) ಅಂತ ಕೈಯಲ್ಲಿ ಹಿಡಿದು ನೋಡಿ ಹೇಳುವುದು ಕೌಂಟರಿನ ವಿದ್ಯೆ. ಕಂಪ್ಯೂಟರಿಗೆ ಬರುವುದು ಅಡಿಕೆಯ ದರ್ಜೆಯ ಹೆಸರು ಮತ್ತು ಅವತ್ತಿನ ದರ ಮಾತ್ರ.

5. ಲೆಡ್ಜರ್ ಏರಿಸುವುದು

ಹೆಸರಿನಿಂದ ಹುಡುಕುವ ಹಾಗೆ ಮಾಡಿದ್ದೆ. ಆಗಲಿಲ್ಲ. ಅದೇ ಮನುಷ್ಯ ಕನ್ನಡದಲ್ಲಿ ಒಂದು, ಮಲಯಾಳದ ಕಾಗದದಲ್ಲಿ ಇನ್ನೊಂದು, ಇಂಗ್ಲಿಷಿನಲ್ಲಿ ಮೂರನೇ ಕಾಗುಣಿತ. ಭಟ್ರು, ರೈಗಳು, ಮಹಮ್ಮದ್ ಕುಂಞಿಗಳು ಡಜನ್‌ಗಟ್ಟಲೆ. ಮೊಬೈಲ್ ನಂಬರ್ ಇಟ್ಟು ನೋಡಿದೆ. ಅಪ್ಪ, ಇಬ್ಬರು ಮಕ್ಕಳು ಎಲ್ಲರಿಗೂ ಒಂದೇ ನಂಬರ್, ಖಾತೆ ಬೇರೆ ಬೇರೆ.

ಪರಿಹಾರ ರೈಟರ ಬಾಯಲ್ಲಿತ್ತು. ಯಾರೇ ಬಂದರೂ ಅವರು ಕೇಳುವುದು "ನಿಮ್ಮದು ಎಷ್ಟನೇ ಪುಟ?" ಅಂತ. ಕೃಷಿಕರಿಗೂ ತಮ್ಮ ಪುಟ ಬಾಯಿಪಾಠ. ಅದನ್ನೇ ಗ್ರಾಹಕ ಸಂಖ್ಯೆ ಮಾಡಿದೆ. ಹೊಸ ಕಾರ್ಡ್ ಇಲ್ಲ, ಹೊಸ ನಂಬರ್ ಇಲ್ಲ. 212 ಒತ್ತಿದರೆ ಹೆಸರು, ಮನೆ, ಊರು, ಬಾಕಿ.

ಲೆಡ್ಜರಿನ ಮಧ್ಯೆ ಕೆಲವರ ಆಧಾರ್ ಜೆರಾಕ್ಸ್ ಪಿನ್ ಹೊಡೆದು ಇಟ್ಟಿದ್ದರು. ಯಾಕೆ ಅಂತ ಕೇಳಿದರೆ "ಇರಲಿ ಅಂತ". ಎಲ್ಲ ವಾಪಸ್ ಕೊಡಿಸಿದೆ. ವೈಯಕ್ತಿಕ ಡೇಟಾ ರಕ್ಷಣೆಯ ಕಾನೂನು 2023ರಲ್ಲೇ ಆಗಿದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ. ಕಾನೂನು ಇರಲಿ ಬಿಡಲಿ, ಬೇಡದ್ದನ್ನು ಸುಮ್ನೆ ಇಟ್ಟುಕೊಂಡರೆ ಕಾಯುವ ಕೆಲಸ ನಮಗೇ.

ಡೇಟಾ ಇರುವುದು ಸಣ್ಣ ಡೇಟಾಬೇಸ್ ಪ್ರೋಗ್ರಾಂ ಆದ ಎಸ್‌ಕ್ಯೂಲೈಟಿನ ಒಂದೇ ಫೈಲಿನಲ್ಲಿ. ತೂಕದ ಟೇಬಲಿಗೆ ಟ್ರಿಗರ್ (ತಾನಾಗಿ ತಡೆಯುವ ನಿಯಮ) ಹಾಕಿ ತಿದ್ದುವುದು, ಅಳಿಸುವುದು ಎರಡನ್ನೂ ನಿಲ್ಲಿಸಿದ್ದೇನೆ. ತಪ್ಪಾದರೆ ಹೊಸ ಸಾಲು ಬರೆಯಬೇಕು, ಯಾರು ಬರೆದರು ಅಂತಲೂ ಬೀಳುತ್ತದೆ. ಲೆಡ್ಜರಿನಲ್ಲಿ ರಬ್ಬರ್ ಬಳಸದೆ ಗೆರೆ ಎಳೆದು ಪಕ್ಕದಲ್ಲಿ ಬರೆಯುವ ಹಾಗೆ. ರೈಟರಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ.

6. ಮೆಸೇಜ್, ಬ್ಯಾಕಪ್, ಕ್ಯಾಮೆರಾ

ತೂಕದ ಎಸ್‌ಎಂಎಸ್ ಕಳಿಸುವ ಆಸೆ ಸಾಹುಕಾರ್ರಿಗಿತ್ತು. ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದಂತೆ ವ್ಯಾಪಾರಿ ಮೆಸೇಜುಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಅಂಗಡಿಯ ಹೆಸರು, ಮೆಸೇಜಿನ ಮಾದರಿ ಎಲ್ಲ ನೋಂದಾಯಿಸಬೇಕು. ಮೇಲಿಂದ ಕನ್ನಡದ ಒಂದು ಎಸ್‌ಎಂಎಸ್‌ಗೆ 70 ಅಕ್ಷರ, ಇಂಗ್ಲಿಷಿಗಾದರೆ 160. ಎರಡು ಮೆಸೇಜಿನ ದುಡ್ಡು. ಬಿಟ್ಟೆವು. ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕಾಯಿತು, ಅಂಗಡಿಯದ್ದೇ ನಂಬರಿನಲ್ಲಿ. ದಿನದ ದರ ಸ್ಟೇಟಸ್ಸಿನಲ್ಲಿ. ಬ್ರಾಡ್‌ಕಾಸ್ಟ್ ಪಟ್ಟಿ ನಂಬಬೇಡಿ; ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ.

ವಾಟ್ಸ್‌ಆ್ಯಪ್ ಇರುವ ಫೋನಿನಲ್ಲಿ ಬ್ಯಾಂಕ್, ಯುಪಿಐ ಯಾವುದೂ ಇಲ್ಲ. ಹಣದ ಫೋನ್ ಬೇರೆ, ಅದಕ್ಕೆ ವಾಟ್ಸ್‌ಆ್ಯಪ್ಪೇ ಇಲ್ಲ. ಟ್ರಾಫಿಕ್ ಫೈನ್, ಮದುವೆ ಕಾಗದ ಅಂತ ಹೇಳಿ ಬರುವ ಎಪಿಕೆ (ಫೋನಿಗೆ ಆ್ಯಪ್ ಕೂರಿಸುವ) ಫೈಲುಗಳನ್ನು ಒತ್ತಿದರೆ ಒಟಿಪಿಯೇ ಬೇರೆಯವರ ಕೈಗೆ ಹೋಗುತ್ತದೆ. ಅಂಗಡಿಯ ಫೋನಿಗೆ ದಿನಕ್ಕೆ ನೂರು ಜನ ಏನೇನೋ ಕಳಿಸುತ್ತಾರೆ. ಯಾವುದನ್ನು ಒತ್ತಬಾರದು ಅಂತ ಹುಡುಗನಿಗೆ ಪಾಠ ಮಾಡುವುದಕ್ಕಿಂತ ಎರಡು ಫೋನ್ ಇಡುವುದೇ ಸುಲಭ. ಸೈಬರ್ ಸಹಾಯವಾಣಿ 1930 ಕೌಂಟರಿನ ಗಾಜಿಗೆ ಅಂಟಿಸಿದೆ. ಹಣ ಹೋದರೆ ಮೊದಲ ಕೆಲಸ ಆ ಕರೆ.

ಬ್ಯಾಕಪ್ ವಿಷಯ. ಕೌಂಟರಿನ ಹಳೆ ಕಂಪ್ಯೂಟರಿನಲ್ಲಿ ಇಡೀ ಸಿ ಡ್ರೈವ್ ಶೇರ್ ಆಗಿತ್ತು, ಬ್ಯಾಕಪ್ ಪೆನ್‌ಡ್ರೈವ್ ಯಾವಾಗಲೂ ಚುಚ್ಚಿಯೇ ಇರುತ್ತಿತ್ತು. 2017ರ ಮೇಯಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ವೈರಸ್ ಊರೂರು ಹರಡಿದ್ದು ವಿಂಡೋಸಿನ ಆ ಶೇರಿಂಗ್ ವ್ಯವಸ್ಥೆಯ ಲೋಪದಿಂದಲೇ. ಅಂಥದ್ದು ಬಂದರೆ ಚುಚ್ಚಿಟ್ಟ ಪೆನ್‌ಡ್ರೈವಿಗೂ ಬೀಗ ಬೀಳುತ್ತದೆ. ಈಗ ಎರಡು ಪೆನ್‌ಡ್ರೈವ್, ದಿನ ಬಿಟ್ಟು ದಿನ. ಒಂದು ಅಂಗಡಿಯಲ್ಲಿ, ಒಂದು ಸಾಹುಕಾರ್ರ ಮನೆಯಲ್ಲಿ. ಎಸ್‌ಕ್ಯೂಲೈಟ್ ಫೈಲನ್ನು ಕೆಲಸ ನಡೆಯುವಾಗ ಸುಮ್ನೆ ಕಾಪಿ ಮಾಡಬೇಡಿ, ಅರ್ಧಂಬರ್ಧ ಬರಬಹುದು. ಅದಕ್ಕೆಂದೇ ಇರುವ ಬ್ಯಾಕಪ್ ಕಮಾಂಡ್ ಬಳಸಿ. ತಿಂಗಳಿಗೊಮ್ಮೆ ಮಗಳು ಆ ಪೆನ್‌ಡ್ರೈವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು, ಯಾವುದಾದರೂ ಪುಟದ ಬಾಕಿಯನ್ನು ಕಾರ್ಬನ್ ಕಾಪಿಗೆ ಹೋಲಿಸುತ್ತಾಳೆ.

ಕ್ಯಾಮೆರಾ ಎಂಟರ ಬದಲು ಎರಡು. ಒಂದು ತಕ್ಕಡಿಯ ತಟ್ಟೆ ಮತ್ತು ಡಿಸ್‌ಪ್ಲೇ ಎರಡೂ ಕಾಣುವ ಹಾಗೆ, ಇನ್ನೊಂದು ಗೇಟಿಗೆ. ಕ್ಯಾಮೆರಾಕ್ಕೆ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಲೆಕ್ಕದಲ್ಲಿ ದಿನಕ್ಕೆ 21.6 ಜಿಬಿ, ಎರಡಕ್ಕೆ 43. ಒಂದು ಟಿಬಿ ಡಿಸ್ಕಿನಲ್ಲಿ 23 ದಿನ ನಿಲ್ಲುತ್ತದೆ. ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್‌ನ ಪಾಸ್‌ವರ್ಡ್ ಬದಲಿಸಿದೆ, ಹೊರಗಿನಿಂದ ನೋಡುವ ಸೌಲಭ್ಯ ಬಂದ್ ಮಾಡಿದೆ. ಸಾಹುಕಾರ್ರಿಗೆ ಮನೆಯಿಂದ ಮೊಬೈಲಿನಲ್ಲಿ ನೋಡುವ ಆಸೆ ಇನ್ನೂ ಇದೆ. ಸದ್ಯಕ್ಕೆ ಬೇಡ ಅಂದಿದ್ದೇನೆ.

ಖರ್ಚು: ಮಿನಿ ಪಿಸಿ 9,500, ಎಸ್‌ಎಸ್‌ಡಿ 1,800, ಎರಡೂ ಕೇಬಲ್ ಸೇರಿ 1,030, ಫೈಬರ್ 2,600, ಯುಪಿಎಸ್ 3,000, ಥರ್ಮಲ್ ಪ್ರಿಂಟರ್ 5,200, ಡಾಟ್ ಮ್ಯಾಟ್ರಿಕ್ಸ್ 8,000, ಕ್ಯಾಮೆರಾ-ಡಿವಿಆರ್-ಡಿಸ್ಕ್ 11,000. ಒಟ್ಟು 42,130, ನನ್ನ ಕೂಲಿ ಬಿಟ್ಟು. ಥರ್ಮಲ್ ಪ್ರಿಂಟರ್ ಯಾರಿಗಾದರೂ ಬೇಕಿದ್ದರೆ ಹೇಳಿ, ಹೋಟೆಲಿಗೆ ಚೆನ್ನಾಗಿದೆ.

ಬಾಕಿ ಇರುವುದು ಕಾಳುಮೆಣಸು ತೂಗುವ ಸಣ್ಣ ತಕ್ಕಡಿ. ಅದಕ್ಕೆ ಪೋರ್ಟ್ ಇಲ್ಲ, ಡಿಸ್‌ಪ್ಲೇ ಬದಲಿಸಬೇಕು. ಸೀಲ್ ಇರುವುದರಿಂದ ಲೈಸೆನ್ಸ್ ಇರುವ ರಿಪೇರಿಯವರೇ ಬಿಚ್ಚಬೇಕು, ಆಮೇಲೆ ಹೊಸದಾಗಿ ಮುದ್ರೆ ಹಾಕಿಸಬೇಕು. ಹೇಗೂ ಈ ವರ್ಷದ ಮುದ್ರೆ ಹತ್ತಿರ ಬಂದಿದೆ, ಎರಡೂ ಒಟ್ಟಿಗೆ ಮಾಡಿಸುವುದು ಅಂತ ಮಾತಾಗಿದೆ. ಅಲ್ಲಿಯವರೆಗೆ ಕಾಳುಮೆಣಸಿನ ತೂಕ ಹುಡುಗನೇ ಕೂಗುತ್ತಾನೆ, ರೈಟರ್ ಪೆನ್ನಿನಲ್ಲೇ ಬರೆಯುತ್ತಾರೆ.